ಆರು ಮಿಲಿಮೀಟರ್ ಬದನೆಕಾಯಿ

17 ಜನವರಿ 2011, ಸೋಮವಾರ

ಆರಕ್ಕೆ ಹಾಲು. ಏಳಕ್ಕೆ ಪೇಪರ್. ಎಂಟೂವರೆಗೆ ಸೀತಾಳನ್ನು ಅವಳ ಶಾಲೆಗೆ ಬಿಟ್ಟು ಬಂದೆ. ಹೆಂಡತಿ ಪಾಠ ಹೇಳುತ್ತಾಳೆ, ಗಂಡ ಸ್ಕೂಟರ್ ಓಡಿಸುತ್ತಾನೆ. ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ. ವಿ.ಆರ್.ಎಸ್. ತೆಗೆದುಕೊಂಡು ಮನೆಯಲ್ಲಿ ಕೂತು ಹದಿನಾರು ತಿಂಗಳು.

ಪಾರ್ಕಿನಲ್ಲಿ ನಾಣಿ ಸಿಕ್ಕ. ಟೂಲ್ ರೂಮಿನಲ್ಲಿ ನನ್ನ ಪಕ್ಕದ ಬೆಂಚಿನವನು. ಆಗ ಒಂದು ತೂತು ನೆಟ್ಟಗೆ ಕೊರೆಯಲು ಬರುತ್ತಿರಲಿಲ್ಲ. ಈಗ ಬಾಗಲಗುಂಟೆಯ ಹೆಂಗಸರಿಗೆಲ್ಲ ಯೋಗ ಕಲಿಸುತ್ತಾನಂತೆ. ಅವರ ಬೆನ್ನು ದೇವರೇ ಕಾಯಬೇಕು.

ಸಂಜೆ ಮಗಳು ಸಮೀಕ್ಷಾ ಒಂದು ಅಡುಗೆಯ ಪ್ರಿಂಟ್‌ಔಟ್ ತಂದಳು. ಮೂವತ್ತಕ್ಕೆ ಅವಳ ಬರ್ತ್‌ಡೇ, ಹದಿನಾಲ್ಕು ತುಂಬುತ್ತದೆ. ಕೇಕ್ ಬೇಡವಂತೆ. ಬದನೆಕಾಯಿ, ಚೀಸ್, ಪಾಸ್ತಾ — ಪದರ ಪದರವಾಗಿ ಜೋಡಿಸಿ ಓವನ್ನಿನಲ್ಲಿ ಬೇಯಿಸುವುದು. ಗೆಳತಿ ಶೈಲಶ್ರೀಯ ಅಮ್ಮ ಮಾಡುತ್ತಾಳಂತೆ.

"ಅಮ್ಮಂಗೆ ಟೈಮೇ ಇರಲ್ಲ. ನೀನು ಮಾಡ್ತೀಯಾ ಅಪ್ಪ?"

ಓದಿದೆ. 'ತೆಳ್ಳಗೆ ಹೆಚ್ಚಿ.' ಎಷ್ಟು ತೆಳ್ಳಗೆ? 'ಹೊಂಬಣ್ಣ ಬರುವವರೆಗೆ.' ಯಾರ ಕಣ್ಣಿನ ಹೊಂಬಣ್ಣ? ಟೂಲ್ ರೂಮಿಗೆ ಇಂಥ ಡ್ರಾಯಿಂಗ್ ಬಂದಿದ್ದರೆ ತಂದವನ ಮುಖಕ್ಕೆ ಎಸೆಯುತ್ತಿದ್ದೆ.

ಮಾಡ್ತೀನಿ ಅಂದೆ.

20 ಜನವರಿ, ಗುರುವಾರ

ಸಾಮಾನು ತಂದೆ. ಬದನೆಕಾಯಿ — ಗಾಡಿಯವನ ಹತ್ತಿರ ದೊಡ್ಡ ಗುಂಡು ಜಾತಿ. ಚೀಸ್ — ಗಂಜಿ ಹಾಕಿದ ಕರವಸ್ತ್ರದ ವಾಸನೆ. ಇದಕ್ಕೆ ಫಾರಿನ್ ಹೆಸರು ಬೇರೆ. ಪಾಸ್ತಾ ಕೊಳವೆಗಳನ್ನು ಕೂದಲಿನ ದಪ್ಪವನ್ನೂ ಹೇಳುವ ವರ್ನಿಯರ್‌ನಲ್ಲಿ ಅಳೆದೆ. ಒಂದರ ಹಾಗೆ ಒಂದಿಲ್ಲ. ಹತ್ತರಲ್ಲಿ ಮೂರು ರಿಜೆಕ್ಟ್. ಓವನ್ ಇನ್ನೂ ಮಹಾ ಸುಳ್ಳ. ಇನ್ನೂರಕ್ಕೆ ತಿರುಗಿಸಿದರೆ ಒಳಗೆ ನೂರಾ ಎಪ್ಪತ್ತು. ಡಯಲ್ ಮೇಲೆ ಪೆನ್ಸಿಲ್‌ನಲ್ಲಿ ಸರಿಯಾದ ಗುರುತು ಹಾಕಿದೆ.

ವರ್ನಿಯರ್ ತೆಗೆಯಲು ಟೂಲ್ ಪೆಟ್ಟಿಗೆ ತೆರೆದಿದ್ದೆ. ಸೀತಾ ಮೂಗು ಮುಚ್ಚಿಕೊಂಡಳು. "ರೀ, ಮುಚ್ರೀ ಅದನ್ನ. ಮನೆಯೆಲ್ಲ ಆಯಿಲ್ ವಾಸನೆ." ನನಗಂತೂ ಯಾವ ವಾಸನೆಯೂ ಇಲ್ಲ. ಇವಳ ಮೂಗಿಗೆ ಮಾಡಲು ಬೇರೆ ಕೆಲಸವಿಲ್ಲ.

ರಾತ್ರಿ ಊಟಕ್ಕೆ ಮುಂಚೆ ಸಮೀಕ್ಷಾ ಬಾಗಿಲ ಹತ್ತಿರ ನಿಂತು ಉಗುರು ಕಚ್ಚುತ್ತಿದ್ದಳು.

"ಅಪ್ಪ… ಶೈಲಶ್ರೀಗೆ ನೀನಿನ್ನೂ ಫ್ಯಾಕ್ಟರೀಲಿ ಇದೀಯ ಅಂತ ಹೇಳ್ಬಿಟ್ಟಿದೀನಿ. ಬರ್ತ್‌ಡೇಗೆ ಅವ್ಳು ಬಂದಾಗ ಓವರ್‌ಟೈಮ್ ಅಂತೀನಿ. ಒಂದೆರಡು ಗಂಟೆ ಹೊರಗಿರ್ತೀಯಾ?"

ಸರಿ ಅಂದೆ. ಬೇರೆ ಏನು ಹೇಳಬೇಕಿತ್ತು? ಬದನೆಕಾಯಿ ಮಾಡಲು ಅಪ್ಪ ಬೇಕು, ತೋರಿಸಲು ಬೇಡ.

23 ಜನವರಿ, ಭಾನುವಾರ

ಟ್ರಯಲ್. ಆರು ಮಿಲಿಮೀಟರ್ ದಪ್ಪಕ್ಕೆ ಬಿಲ್ಲೆ ಕೊಯ್ದೆ, ಇಪ್ಪತ್ತೆರಡೂ ಒಂದೇ ಅಳತೆ. ಉಪ್ಪು ಹಚ್ಚಿ ನೀರು ಹಿಂಡಬೇಕಂತೆ. ಕೈಯಲ್ಲಿ ಹಿಂಡಿದೆ. ಎಷ್ಟು ಹಿಂಡಿದರೂ ಬದನೆಕಾಯಿ ತನ್ನ ಹಟ ಬಿಡಲಿಲ್ಲ. ಓವನ್ನಿನಿಂದ ಹೊರಬಂದದ್ದು ಗೊಜ್ಜು. ಮೇಲೆ ಚೀಸ್ ತೇಲುತ್ತಿತ್ತು.

"ರುಚಿ ಚೆನ್ನಾಗೇ ಇದೆ ಕಣ್ರೀ. ಅನ್ನಕ್ಕೆ ಕಲಸ್ಕೋಬೋದು," ಎಂದಳು ಸೀತಾ. ಕಲಸಿಕೊಂಡು ತಿಂದೂಬಿಟ್ಟಳು. ಇಂಥ ಮೆಚ್ಚುಗೆಗಿಂತ ಬೈಗುಳ ವಾಸಿ.

ನೀರೇ ಶತ್ರು. ಕೈಬಲ ಸಾಲದು. ಹಿತ್ತಿಲಲ್ಲಿ ಕಬ್ಬಿಣವನ್ನೇ ಕಚ್ಚಿ ಹಿಡಿಯುವ ಬೆಂಚ್ ವೈಸ್ ಇದೆಯಲ್ಲ!

30 ಜನವರಿ, ಭಾನುವಾರ, ಮಧ್ಯಾಹ್ನ 12

ಮುಗಿಯಿತು. ಎರಡು ಸ್ಟೀಲ್ ಪ್ಲೇಟಿನ ನಡುವೆ ಬಿಲ್ಲೆಗಳು, ವೈಸಿನಲ್ಲಿಟ್ಟು ಕಾಲು ಕಾಲು ಸುತ್ತು ಬಿಗಿ. ಅಡುಗೆಮನೆಯ ಬಟ್ಟೆ ಹರಿದುಹೋಯಿತು. ಟೂಲ್ ಪೆಟ್ಟಿಗೆಯಲ್ಲಿದ್ದ, ಟೂಲ್ ಒರೆಸುವ ಮಲ್ ಬಟ್ಟೆಯಲ್ಲಿ ಸುತ್ತಿದೆ. ಮೂರು ಸಲ ಸೋಪು ಹಾಕಿ ತೊಳೆದು ಒಣಗಿಸಿದ್ದು. ಮೂಸಿಯೂ ನೋಡಿದೆ, ಏನೂ ಇಲ್ಲ. ಸೀತಾಗೆ ನೆಗಡಿ, ಹಾಗಾಗಿ ಅವಳ ಟೀಕೆ ಇಲ್ಲ. ಲೋಟ ತುಂಬ ನೀರು ಇಳಿಯಿತು.

ಈಗ ಓವನ್ನಿನಿಂದ ತೆಗೆದೆ. ಕತ್ತರಿಸಿದರೆ ಪದರ ಎಣಿಸಬಹುದು. ಮೇಲೆ ಚೀಸ್ ಕಂದಾಗಿ ಹೊಪ್ಪಳಿಸಿದೆ. ಶೈಲಶ್ರೀಯ ಅಮ್ಮ ಬಂದು ನೋಡಲಿ.

ಸಮೀಕ್ಷಾ ನೋಡಿ ಕೈ ತಟ್ಟಿದಳು. ಆಮೇಲೆ ಗಡಿಯಾರ ನೋಡಿದಳು. ನಾನು ಟೆರೇಸಿಗೆ ಹೊರಟೆ. ಓವರ್‌ಟೈಮ್.

ಅದೇ ದಿನ, ಸಂಜೆ 5

ನೀರಿನ ಟ್ಯಾಂಕಿನ ನೆರಳಲ್ಲಿ ಕೂತಿದ್ದೆ. ಕಳ್ಳನ ಹಾಗೆ, ನನ್ನದೇ ಮನೆಯ ಮೇಲೆ. ಹಾಲ್‌ನ ಕಿಟಕಿ ನೇರ ಕೆಳಗೆ, ಪ್ರತಿ ಮಾತೂ ಕೇಳುತ್ತಿತ್ತು. ತಟ್ಟೆ, ಸ್ಪೂನು, ನಗು. ಆಮೇಲೆ ನಗು ನಿಂತಿತು.

ಶೈಲಶ್ರೀಯ ದನಿ — "ಏನೋ ಸ್ಮೆಲ್ ಬರ್ತಿದೆ ಕಣೇ… ಗ್ಯಾರೇಜ್ ಥರ."

ಆಗ ತಿಳಿಯಿತು. ಬಟ್ಟೆ! ಇಪ್ಪತ್ತೆಂಟು ವರ್ಷ ಆ ಆಯಿಲ್‌ನಲ್ಲೇ ಉಸಿರಾಡಿದ ಮೂಗನ್ನು ನಂಬಿದ್ದೆ. ನಾಣಿ ಕೊರೆದ ತೂತು ನೋಡಿ ನಗುತ್ತಿದ್ದ ನಾನು ಎಂಥ ಮೂರ್ಖ.

ಮಗಳು ಎಸೆಯುತ್ತಾಳೆ, ಹೋಟೆಲಿಂದ ತಂದದ್ದು ಅನ್ನುತ್ತಾಳೆ ಎಂದುಕೊಂಡೆ. ಸಮೀಕ್ಷಾ ಹೇಳಿದ್ದು — "ಅದು ಗ್ಯಾರೇಜಲ್ಲ, ನಮ್ಮಪ್ಪ. ಚಿಕ್ಕೋಳಿದ್ದಾಗ ಫ್ಯಾಕ್ಟರಿಯಿಂದ ಬಂದು ಎತ್ಕೊಂಡ್ರೆ ಹಿಂಗೇ ವಾಸನೆ ಬರ್ತಿತ್ತು. ಈಗ ಮನೇಲೇ ಇರ್ತಾರೆ. ಇದು ಅವ್ರೇ ಮಾಡಿದ್ದು."

ಮೆಟ್ಟಿಲಿನ ಸದ್ದು. ಟೆರೇಸಿನ ಬಾಗಿಲಲ್ಲಿ ನಿಂತಳು. "ಅಪ್ಪ, ಕೆಳಗ್ ಬಾ. ಎಲ್ರೂ ಒಟ್ಟಿಗೆ ತಿನ್ನೋಣ."

ನನ್ನ ಕಣ್ಣು ತುಂಬಿತ್ತು. ಎದ್ದು ಹೋಗಬೇಕಿತ್ತು. ಅದು ಬಿಟ್ಟು ನಾಲಿಗೆ ಉದ್ದ ಮಾಡಿದೆ — "ನನ್ ಓವರ್‌ಟೈಮ್ ಇನ್ನೂ ಮುಗಿದಿಲ್ಲ. ನೀನ್ ಹೋಗು."

ಅವಳ ಮುಖ ಮುದುಡಿತು. ಇಳಿದು ಹೋದಳು.

6 ಫೆಬ್ರವರಿ, ಭಾನುವಾರ, ಬೆಳಿಗ್ಗೆ 10

ಒಂದು ವಾರ ಬರೆಯಲಿಲ್ಲ. ಒಂದು ವಾರ ಸಮೀಕ್ಷಾ ನನ್ನ ಜೊತೆ ಮಾತಾಡಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಾಳೆ, ಎದ್ದು ಹೋಗುತ್ತಾಳೆ. ತಪ್ಪು ನನ್ನದು. ಇದನ್ನು ಬರೆಯಲು ಏಳು ದಿನ ಹಿಡಿಯಿತು.

ಸೀತಾ ನಿನ್ನೆ ಹೇಳಿದಳು — "ಬರ್ತ್‌ಡೇ ದಿನ ಉಳಿದದ್ದನ್ನೆಲ್ಲ ಅವಳೇ ತಿಂದ್ಲು ರೀ, ಎರಡು ದಿನ. ನಂಗೆ ನೆಗಡಿ ಹೋದ್ಮೇಲೆ ಗೊತ್ತಾಯ್ತು, ಅದನ್ನ ಬಾಯಿಗಿಡಕ್ಕೇ ಆಗ್ತಿರ್ಲಿಲ್ಲ."

ಬೆಳಿಗ್ಗೆ ಹೋಗಿ ಎರಡು ಗುಂಡು ಬದನೆಕಾಯಿ ತಂದೆ. ಹೊಸ ಬಟ್ಟೆಯನ್ನೂ ತಂದೆ. ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಯಾರನ್ನೂ ಕರೆಯಲಿಲ್ಲ. ವರ್ನಿಯರ್‌ಗಾಗಿ ಪೆಟ್ಟಿಗೆ ತೆರೆದೆ — ಗಪ್ಪೆಂದು ವಾಸನೆ ಬಂತು. ಹಳೆಯ ಆಯಿಲ್, ಕಬ್ಬಿಣ. ನನ್ನ ಮೂಗಿಗೆ ಮೊದಲ ಸಲ. ಇಂಥದ್ದನ್ನು ಮಗು ಎರಡು ದಿನ ತಿಂದಿದೆ! ಅಲ್ಲೇ ಕೂತುಬಿಟ್ಟೆ. ಕೈಗೆ ಸಿಕ್ಕಿದ ಡೈರಿಯಲ್ಲಿ ಗೀಚುತ್ತಿದ್ದೇನೆ.

ಸಮೀಕ್ಷಾ ಬಂದಳು. ನನ್ನ ಕಡೆ ನೋಡಲಿಲ್ಲ. ಪೆಟ್ಟಿಗೆಯಿಂದ ವರ್ನಿಯರ್ ಎತ್ತಿಕೊಂಡು ಕಟ್ಟೆಗೆ ಹೋದಳು.

"ಎಷ್ಟು ಮಿಲಿಮೀಟರ್?"

"ಆರು."

ಬದನೆಕಾಯಿ ಕೊಯ್ಯುತ್ತಿದ್ದಾಳೆ. ಮೊದಲ ಬಿಲ್ಲೆಯೇ ಸೊಟ್ಟ. ವರ್ನಿಯರನ್ನು ಇಕ್ಕಳದ ಹಾಗೆ ಹಿಡಿದಿದ್ದಾಳೆ. ಹಾಗೆ ಅಳೆದರೆ ಪ್ರಪಂಚದಲ್ಲಿ ಯಾವುದೂ ಸರಿಯಾಗುವುದಿಲ್ಲ. ಎದ್ದು ಹೋಗಿ ಕೈ ಹಿಡಿದು ತೋರಿಸ—