ನಿನ್ನ ಹೆಸರಿನ ಚೀಟಿ

ರೋಣ
೧೨ ಫೆಬ್ರುವರಿ ೨೦೨೫, ಬುಧವಾರ

ಬಾಲ್ಯದ ಗೆಳೆಯ ಯಮನೂರಪ್ಪನಿಗೆ ಮೈನುದ್ದೀನನ ಸಲಾಮು.

ಗಜೇಂದ್ರಗಡದ ನಿನ್ನ ಮನೆಯಲ್ಲಿ ಎಂಟು ದಿನಗಳಿಂದ ಮಾತು ನಿಂತುಹೋಗಿದೆ ಎಂದು ಕೇಳಿದೆ. ನೀನು ಆಣೆ ಮಾಡಿ ಹೇಳಿದರೂ ನಿನ್ನ ಮನೆಯಾಕೆ ಕರೆವ್ವ ನಂಬುತ್ತಿಲ್ಲವಂತೆ. ನೀನು ಹೇಳುತ್ತಿರುವುದು ನಿಜವೆಂದು ಬಲ್ಲವನು ನಾನೊಬ್ಬನೇ. ಏಕೆಂದರೆ ನರಗುಂದದ ದವಾಖಾನೆಯಲ್ಲಿ ನಿನ್ನ ಹೆಸರು ಬರೆಸಿ ಬಂದವನು ನಾನು.

ಈ ವಾಕ್ಯವನ್ನು ಮೂರು ಹಾಳೆಗಳಲ್ಲಿ ಬರೆದು ಮೂರನ್ನೂ ಹರಿದೆ. ಇದು ನಾಲ್ಕನೆಯ ಹಾಳೆ. ವಿಷಯ ಮೊದಲು, ವಿವರಣೆ ಆಮೇಲೆ ಎಂದು ಮೂವತ್ತಾರು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ವಿವರಣೆಯೇ ಇಷ್ಟು ಕಷ್ಟವೆಂದು ಆಗ ತಿಳಿದಿರಲಿಲ್ಲ.

ಎರಡು ವರ್ಷಗಳಿಂದ ನನಗೆ ನಿಮಿರು ದೌರ್ಬಲ್ಯವಿದೆ. ವೈದ್ಯರ ಪುಸ್ತಕದ ಪದವನ್ನೇ ಬಳಸಿದ್ದೇನೆ. ಬೇರೆ ಪದಗಳನ್ನು ಬರೆಯಲು ನನ್ನ ಲೇಖನಿ ಒಪ್ಪದು. ಬದರುನ್ನಿಸಾಳಿಗೆ ಬೆನ್ನುನೋವೆಂದು ಹೇಳಿ ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಂಡೆ. ಅವಳು ದಿನವೂ ಎಣ್ಣೆ ಕಾಯಿಸಿ ತರುತ್ತಾಳೆ. ನೋವಿಲ್ಲದ ಬೆನ್ನಿಗೆ ಎರಡು ವರ್ಷ ಹೆಂಡತಿಯಿಂದ ಎಣ್ಣೆ ಹಚ್ಚಿಸಿಕೊಂಡಿದ್ದೇನೆ, ಯಮನೂರಪ್ಪ.

ರೋಣದಲ್ಲೇ ತೋರಿಸಬಹುದಿತ್ತಲ್ಲ ಎನ್ನುವೆ. ಇಲ್ಲಿಯ ಡಾಕ್ಟರು ನನ್ನ ಶಿಷ್ಯ. ಔಷಧಿ ಅಂಗಡಿಯ ಫರ್ದೀನನೂ ಶಿಷ್ಯನೇ. ಮನೆಪಾಠ ಬರೆಯದಿದ್ದಕ್ಕೆ ಅವನನ್ನು ಇಡೀ ತರಗತಿಯ ಮುಂದೆ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅವನ ಮುಂದೆ ಇಂಥ ಗುಳಿಗೆಯ ಚೀಟಿಯನ್ನು ಹೇಗೆ ಚಾಚಲಿ? ಅದಕ್ಕೇ ಕಳೆದ ತಿಂಗಳು ನರಗುಂದದ ಬಸ್ಸು ಹತ್ತಿದೆ.

ಅಲ್ಲಿ ಚೀಟಿ ಬರೆಯುವ ಹೆಣ್ಣುಮಗಳು, "ಹೆಸರ ಹೇಳ್ರಿ ಅಜ್ಜಾರ, ಹಿಂದ ಪಾಳಿ ಭಾಳ ಐತಿ" ಎಂದಳು. ಅಜ್ಜಾರ ಎಂದದ್ದಕ್ಕೇ ನನ್ನ ಅರ್ಧ ಜೀವ ಹೋಗಿತ್ತು. ಬಾಯಿಗೆ ನಿನ್ನ ಹೆಸರು ಬಂತು. ನಮ್ಮ ಭಾಗದಲ್ಲಿ ನಿಮ್ಮವರಲ್ಲೂ ನಮ್ಮವರಲ್ಲೂ ಇರುವ ಹೆಸರು. ಕೇಳಿದವರು ಮುಖವೆತ್ತಿ ನೋಡುವುದಿಲ್ಲ. ಫೋನ್ ನಂಬರು ಕೇಳಿದಳು. ನನ್ನ ಫೋನನ್ನು ಬದರುನ್ನಿಸಾ ಎತ್ತುತ್ತಾಳೆ. ಅದನ್ನು ಬಿಟ್ಟರೆ ನನಗೆ ಬಾಯಿಪಾಠವಿದ್ದದ್ದು ನಿನ್ನದೊಂದೇ.

ವೈದ್ಯರು ಪರವೂರಿನವರು, ತಾಳ್ಮೆಯವರು. ಚಿಕಿತ್ಸೆಗಳನ್ನೆಲ್ಲ ಒಂದೊಂದಾಗಿ ವಿವರಿಸಿದರು. ಮನೆಗೆ ಬಂದು ದೊಡ್ಡ ಹಾಳೆಯಲ್ಲಿ ಗೆರೆ ಹೊಡೆದು ಕೋಷ್ಟಕ ಮಾಡಿದೆ. ಗುಳಿಗೆ ಸುಲಭ, ಆದರೆ ಗಂಟೆ ಮೊದಲೇ ನುಂಗಬೇಕು. ನಿರ್ವಾತದ ಪಂಪಿನಲ್ಲಿ ರಕ್ತಕ್ಕೆ ಸೇರುವ ಔಷಧಿಯೇ ಇಲ್ಲ. ಆದರೆ ಸೈಕಲ್ ಟ್ಯೂಬಿಗೆ ಗಾಳಿ ಹಾಕುವವನಂತೆ ಕುಳಿತ ನನ್ನನ್ನು ನಾನೇ ನೋಡಲಾರೆ. ಸೂಜಿ ಖಚಿತವಂತೆ, ಚುಚ್ಚಿಕೊಳ್ಳಬೇಕಾದ ಸ್ಥಳವನ್ನು ನೆನೆದರೆ ಬೆವರುತ್ತೇನೆ. ಉಳಿದವು ಯಾವುವೂ ಫಲಿಸದಿದ್ದರೆ ಶಸ್ತ್ರಚಿಕಿತ್ಸೆ. ಬಸ್ಸಿನಲ್ಲಿ ಯಾರೋ ಕೈಗಿತ್ತ ಕರಪತ್ರದಲ್ಲಿ ಒಂದು ಲೇಹ್ಯವಿತ್ತು. ಮೂರೇ ದಿನಗಳಲ್ಲಿ ಗುಣವೆಂದು ಬರೆದಿದೆ, ಒಳಗೇನಿದೆ ಎಂದು ಬರೆದಿಲ್ಲ. ಅದಕ್ಕೆ ಸೊನ್ನೆ ಹಾಕಿದೆ. ಮಿಕ್ಕವಕ್ಕೆ ಅಂಕ ಕೊಡಲು ಕುಳಿತರೆ ಬೆಳಿಗ್ಗೆ ಪಾಸಾದದ್ದು ಸಂಜೆಗೆ ನಪಾಸಾಗುತ್ತದೆ. ಸಕ್ಕರೆ ತಪಾಸಣೆ ಮಾಡಿಸಿ, ನಡೆಯಿರಿ, ಮೊದಲು ಹೆಂಡತಿಯೊಡನೆ ಮಾತಾಡಿ ಎಂದೂ ವೈದ್ಯರು ಹೇಳಿದ್ದರು. ಆ ಕೊನೆಯದಕ್ಕೆ ನನ್ನ ಕೋಷ್ಟಕದಲ್ಲಿ ಜಾಗವನ್ನೇ ಬಿಟ್ಟಿರಲಿಲ್ಲ.

ದೊಡ್ಡ ತಪ್ಪು ಇನ್ನೂ ಬೇರೆಯೇ ಇದೆ. "ಎದಿನೋವಿಗೆ ಏನರ ಗುಳಿಗಿ ತಗೋತೀರೇನ್ರಿ ಯಮನೂರಪ್ಪಾರ?" ಎಂದು ವೈದ್ಯರು ಕೇಳಿದರು. ಆ ಹೊತ್ತಿಗೆ ನಾನು ನೀನೇ ಆಗಿಬಿಟ್ಟಿದ್ದೆ. ಮಾರುವ ಸೀರೆಗಳ ಗಂಟು ಹೊತ್ತು ಈಗಲೂ ಗುಡ್ಡ ಹತ್ತುವ ನಿನಗೆಲ್ಲಿಯ ಎದೆನೋವು? "ಇಲ್ರಿ" ಎಂದೆ. ಆ ಉತ್ತರ ನಿನ್ನ ಹೆಸರಿಗೆ ಸರಿ, ನನ್ನ ದೇಹಕ್ಕೆ ತಪ್ಪು. ನಾನು ದಿನವೂ ಬೆಳಿಗ್ಗೆ ಎದೆಯ ಗುಳಿಗೆ ನುಂಗುವವನು. ವೈದ್ಯರು ನಿನ್ನ ಎದೆಯನ್ನು ನಂಬಿ ನಾಲ್ಕು ಗುಳಿಗೆ ಬರೆದುಕೊಟ್ಟರು. ಪೊಟ್ಟಣದೊಳಗಿನ ಇಂಗ್ಲಿಷ್ ಕಾಗದವನ್ನು ನಿಘಂಟು ಹಿಡಿದು ಓದಿದಾಗ ತಿಳಿಯಿತು: ಆ ಗುಳಿಗೆಯೂ ಈ ಗುಳಿಗೆಯೂ ಕೂಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಆದ್ದರಿಂದ ಗುಳಿಗೆಯ ಪಟ್ಟಿಯನ್ನು ಒಡೆಯದೆ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದೇನೆ. ಹೋದ ವಾರ ನಾನು ಬಚ್ಚಲಿನಲ್ಲಿ ಬಿದ್ದ ಸುದ್ದಿ ನಿನ್ನ ಕಿವಿಗೂ ಬಿದ್ದಿರಬಹುದು. ಅದು ಪಿತ್ತದ ತಲೆಸುತ್ತು, ಇದಕ್ಕೆ ಸಂಬಂಧವಿಲ್ಲ.

ಮುಂದಿನದು ನಿನಗೆ ಗೊತ್ತು. ಗುಳಿಗೆ ಗುಣ ಕೊಟ್ಟಿತೇ ಎಂದು ಕೇಳಲು ದವಾಖಾನೆಯವರು ನಿನ್ನ ನಂಬರಿಗೆ ಫೋನು ಮಾಡಿದಾಗ ಎತ್ತಿದವಳು ಕರೆವ್ವ. ಯಾತರ ಗುಳಿಗೆ ಎಂದು ಇವಳು ಕೇಳಿದಳಂತೆ, ಅವರು ಇದ್ದದ್ದು ಇದ್ದಂತೆ ಹೇಳಿದರಂತೆ. ನಾನಿದನ್ನು ತಿಳಿದದ್ದು ಸೋಮವಾರ ಊಟಕ್ಕೆ ಕುಳಿತಾಗ. ಕರೆವ್ವ ಬದರುನ್ನಿಸಾಳಿಗೆ ಫೋನಿನಲ್ಲಿ ಅತ್ತಳಂತೆ: "ನಲವತ್ತು ವರ್ಷದ ಸಂಸಾರ ಅಕ್ಕಾ. ನನಗ ಗೊತ್ತಿಲ್ಲದ ಗುಳಿಗಿ ಇಂವ ಯಾರ ಸಲುವಾಗಿ ನುಂಗ್ಯಾನ?"

ಅದನ್ನು ಹೇಳಿ ಬದರುನ್ನಿಸಾ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ನಿಮ್ಮ ದೋಸ್ತಗ ನೀವರ ಬುದ್ಧಿ ಹೇಳ್ರಿ. ಪಾಪ, ಹೇಳಾಕ ನಾಚಿಕಿ ಬಂದಿರಬೇಕು. ಹೇಳಿದ್ರ ಕರೆವ್ವ ಏನ್ ಕಚ್ಚತಿದ್ಲೇನ್ರಿ?" ಎಂದಳು. ನಾನು ತಲೆ ತಗ್ಗಿಸಿ ರೊಟ್ಟಿ ಮುರಿದೆ. ಆಗಲೇ ಹೇಳಬೇಕಿತ್ತು. ಪಲ್ಲೆಗೆ ಉಪ್ಪು ಕಡಿಮೆಯಾಗಿದೆ ಎಂದೆ.

ನಿನ್ನ ಕ್ಷಮೆ ಕೇಳುವ ಅರ್ಹತೆ ನನಗಿದೆಯೋ ಇಲ್ಲವೋ ತಿಳಿಯದು. ರವಿವಾರ ಗಜೇಂದ್ರಗಡಕ್ಕೆ ಬರುತ್ತೇನೆ. ನಿನ್ನ ಎದುರಿನಲ್ಲೇ ಕರೆವ್ವನಿಗೆ, ದವಾಖಾನೆಗೆ ಹೋದ ಆ ಮುದುಕ ನಿನ್ನ ಗಂಡನಲ್ಲ, ನಾನು ಎಂದು ನನ್ನ ಬಾಯಿಂದಲೇ ಹೇಳುತ್ತೇನೆ. ಸೋಮವಾರ ನರಗುಂದಕ್ಕೆ ಹೋಗಿ ಚೀಟಿಯಲ್ಲಿ ನನ್ನ ಹೆಸರು, ನನ್ನ ಎದೆಯ ಕಾಯಿಲೆ ಎರಡನ್ನೂ ಬರೆಸುತ್ತೇನೆ. ಆಮೇಲೆ ಯಾವ ಚಿಕಿತ್ಸೆ ನನಗೆ ಉಳಿಯುತ್ತದೆಯೋ, ಯಾವುದಾದರೂ ಉಳಿಯುತ್ತದೆಯೋ, ನನಗೆ ಏನೂ ತೋಚುತ್ತಿಲ್ಲ. ನೀನು ಜೊತೆಗೆ ಬಂದರೆ ದಾರಿಯುದ್ದಕ್ಕೂ ಬೈಯಬಹುದು. ಬಾರದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ.

ನಿನ್ನ ಹೆಸರನ್ನು ಕೇಳದೇ ಒಯ್ದ ಗೆಳೆಯ,
ಮೈನುದ್ದೀನ

ತಾಜಾ ಕಲಂ: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಪಟ್ಟಿಯಲ್ಲಿ ಈಗ ಮೂರೇ ಗುಳಿಗೆಗಳಿವೆ. ಕಾಗದವನ್ನು ಓದಿದ್ದು ಬಚ್ಚಲಿನಲ್ಲಿ ಬಿದ್ದ ಮೇಲೆ. ಆ ಸಾಲನ್ನು ಹೊಡೆದುಹಾಕದೆ ಹಾಗೆಯೇ ಬಿಟ್ಟಿದ್ದೇನೆ. ನಾನು ಎಂಥವನೆಂದು ನೀನೇ ನೋಡು. ಅಂದು ನನ್ನನ್ನು ಎಬ್ಬಿಸಿ ಕೂರಿಸಿದವಳು ಬದರುನ್ನಿಸಾ. ಮೊದಲು ಕೇಳಿದ್ದು, "ಬೆನ್ನಿಗೆ ಪೆಟ್ಟಾತೇನ್ರಿ?" ಎಂದು. ಅವಳಿಗೆ ಬಾಯಿಬಿಟ್ಟು ಹೇಳಲು ಇಂದೂ ನನ್ನಿಂದಾಗಲಿಲ್ಲ. ಅದಕ್ಕೆ ಈ ಲಕೋಟೆಗೆ ಅಂಟು ಹಚ್ಚದೆ, ಓದಿ ಅಂಚೆಗೆ ಹಾಕು ಎಂದು ಅವಳ ಕೈಗೇ ಕೊಡುತ್ತಿದ್ದೇನೆ. ಪತ್ರ ನಿನ್ನ ಕೈಗೆ ಬಂದರೆ, ಅವಳು ಅಂಟು ಹಚ್ಚಿದ್ದಾಳೆ ಎಂದು ತಿಳಿ.