ಅಪ್ಪನ ಹೆಸರು ಬಂದ ಮಂಗಳವಾರ

ನ್ಯೂಯಾರ್ಕ್
ಮಾರ್ಚ್ 14, 1912

ಪ್ರೀತಿಯ ಅಕ್ಕ ಹೆನ್ರಿಯೆಟ್ಟಾ,

ಈ ಪತ್ರ ವಾಷಿಂಗ್ಟನ್ ಮುಟ್ಟುವ ಮೊದಲೇ ಸೈಲಸ್ ಗೇನ್ಸ್ ನಿನ್ನನ್ನು ಕಂಡು ಮಾತಾಡಿರಬಹುದು. ಆತ ದೊಡ್ಡ ಮನಸ್ಸಿನವನು, ಒಂದಷ್ಟನ್ನು ಹೇಳದೆ ಬಿಟ್ಟಿರುತ್ತಾನೆ. ಆ ಬಿಟ್ಟದ್ದನ್ನು ನಾನೇ ಹೇಳಬೇಕು.

ಗೇನ್ಸ್‌ನನ್ನು ನೀನು ಮರೆತಿರಲಾರೆ. ಅಪ್ಪನ ಹತ್ತಿರ ಲ್ಯಾಟಿನ್ ಪಾಠಕ್ಕೆ ಬಂದವನು ಊಟದ ಹೊತ್ತಾದರೂ ಏಳುತ್ತಿರಲಿಲ್ಲ. ಅಮ್ಮ ಗೊಣಗುತ್ತಲೇ ಅವನಿಗೂ ಒಂದು ತಟ್ಟೆ ಇಡುತ್ತಿದ್ದಳು. ಈಗ ಆತ ಅಲ್ಲಿ ನಮ್ಮ ಕರಿಯ ಜನರ ಶಾಲೆಯಲ್ಲೇ ಮೇಷ್ಟ್ರು, ಇಥಿಯೋಪಿಯದ ಹಳೆಯ ಭಾಷೆಯನ್ನು ತಾನಾಗಿ ಕಲಿತಿದ್ದಾನೆ. ಆ ಭಾಷೆಯಲ್ಲಿ ಮೇಕೆಯ ಚರ್ಮದ ಮೇಲೆ ಬರೆದ ಒಂದು ಕೀರ್ತನೆಗಳ ಪುಸ್ತಕವನ್ನು ಹೋದ ವರ್ಷ ನಾನೇ ಲಂಡನ್ನಿನ ಹರಾಜಿನಲ್ಲಿ ಹಿಡಿದು ತಂದಿದ್ದೆ. ಅದನ್ನು ನೋಡಲು ಅನುಮತಿ ಕೇಳಿ ಆತ ನನ್ನ ಕೆಲಸದ ಯಜಮಾನರಾದ ವ್ಯಾನ್ ಆಲ್ಸ್ಟ್ ಅವರ ಗ್ರಂಥಾಲಯಕ್ಕೆ ಬರೆದ. ಇಲ್ಲಿ ಮಿಸ್ ಲೆನೋರಾ ಫೆರಾರ್ ಎನಿಸಿಕೊಂಡ ಗ್ರಂಥಪಾಲಕಿ ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ. ಬರೆದವನು ಯಾರೆಂದು ನನಗೆ ಗೊತ್ತಿತ್ತು. ಆದರೂ ಬನ್ನಿ ಎಂದು ಬರೆದೆ.

ಮಂಗಳವಾರ ಮಧ್ಯಾಹ್ನ ಬಾಗಿಲಲ್ಲಿ ಮಾತು ಕೇಳಿಸಿತು. ಕಾವಲಿನವನು ಅವನನ್ನು ಕಲ್ಲಿದ್ದಲು ಇಳಿಸುವ ಹಿಂಬಾಗಿಲಿಗೆ ಹೋಗೆನ್ನುತ್ತಿದ್ದ. ಒಳಗೆ ವ್ಯಾನ್ ಆಲ್ಸ್ಟ್ ಅವರ ಗೆಳತಿ ಮಿಸೆಸ್ ಥಾರ್ನ್‌ಬರಿ ಚಹಾ ಕುಡಿಯುತ್ತ ಕೂತಿದ್ದಳು. ನಾನು ಎದ್ದು ಹೋಗಿ, ಇವರು ನನ್ನ ಅತಿಥಿ ಎಂದು ಹೇಳಿ, ಮುಂಬಾಗಿಲಿನಿಂದಲೇ ಕರೆತಂದೆ. ಆತ ನನ್ನ ಮುಖ ನೋಡಿದ. ಟೋಪಿ ತೆಗೆಯುತ್ತಿದ್ದ ಕೈ ಒಂದು ಗಳಿಗೆ ಅಲ್ಲೇ ನಿಂತಿತು, ಅಷ್ಟೆ. ಆಮೇಲೆ ಗುರುತಿಲ್ಲದವರಿಗೆ ಮಾಡುವಂತೆ ತಲೆ ಬಾಗಿಸಿದ.

“ನಮ್ಮ ಲೆನೋರಾಗೆ ಪುಸ್ತಕದ ಹುಚ್ಚು ಇರೋರು ಯಾರಾದ್ರೂ ಸರಿ, ನೆಂಟರೇ,” ಎಂದು ಮಿಸೆಸ್ ಥಾರ್ನ್‌ಬರಿ ನಕ್ಕಳು. ನಾನೂ ನಕ್ಕೆ. ಇಷ್ಟು ವರ್ಷ ಇವರ ನಡುವೆ ಬಿಳಿಯಳೆಂದು ಹೇಳಿಕೊಂಡು ಬಾಳಿ ಕಲಿತ ವಿದ್ಯೆಗಳಲ್ಲಿ ಹೊತ್ತಿಗೆ ಸರಿಯಾಗಿ ನಗುವುದೂ ಒಂದು.

ಗೇನ್ಸ್ ಓದತೊಡಗಿದ. ಎಷ್ಟು ಮೆಲ್ಲಗೆ, ಎಷ್ಟು ಸಂತೋಷದಿಂದ ಎಂದರೆ ವ್ಯಾನ್ ಆಲ್ಸ್ಟ್ ತಾವಾಗಿ ಬಂದು ಅವನ ಹೆಗಲ ಹಿಂದೆ ನಿಂತರು. ಒಂದು ಸಾಲಿನ ಅರ್ಥ ಹೇಳಿಸಿಕೊಂಡು, ಇದನ್ನೆಲ್ಲ ಎಲ್ಲಿ ಕಲಿತೆಯೆಂದು ಕೇಳಿದರು. ಭಾಷೆ ಕಲಿತದ್ದು ತಾನೇ, ಆದರೆ ಓದುವುದನ್ನು ಕಲಿಸಿದವರು ಅಗಸ್ಟಸ್ ಫೇರ್ಲಿ ಎಂದು ಅಪ್ಪನ ಹೆಸರನ್ನೇ ಹೇಳಿದ. ಬಾಯಿಂದ ಬಂದ ಮೇಲೆ ಅವನಿಗೆ ಅರಿವಾಯಿತೆಂದು ಕಾಣುತ್ತದೆ; ಪುಟದಿಂದ ತಲೆ ಎತ್ತಲಿಲ್ಲ.

ಯಜಮಾನರು ನನ್ನ ಕಡೆ ತಿರುಗಿದರು. “ಫೇರ್ಲಿ. ಈ ಹೆಸರು ಕೇಳಿದ್ದೀಯೇನಮ್ಮ?”

ಅಕ್ಕ, ಬೇರೆ ಏನಾದರೂ ಹೇಳಬಹುದಿತ್ತು. ಎಲ್ಲೋ ಓದಿದ ನೆನಪು ಎನ್ನಬಹುದಿತ್ತು. ನಾನು, “ಇಲ್ಲ, ಕೇಳಿಲ್ಲ,” ಎಂದೆ. ದನಿ ನಡುಗಲಿಲ್ಲ.

“ನೀವು ಕೇಳಿರೋಕೆ ಸಾಧ್ಯ ಇಲ್ಲ ಬಿಡಿ ಮೇಡಂ,” ಎಂದ ಗೇನ್ಸ್. “ನಮ್ಮ ಕಡೆಯವರು. ನಮಗಷ್ಟೇ ದೊಡ್ಡವರು.”

ನನ್ನನ್ನು ಉಳಿಸಲು ಆತ ಅಪ್ಪನನ್ನು ಅಷ್ಟು ಚಿಕ್ಕವನಾಗಿ ಮಾಡಬೇಕಾಯಿತು. ನಾನು ಕಪಾಟಿನ ಕಡೆ ಹೋಗಿ ಬೇಡವಾದ ಪುಸ್ತಕವೊಂದನ್ನು ಹುಡುಕುತ್ತ ನಿಂತೆ.

ಹೊರಡುವಾಗ ಅವನ ಜೊತೆ ಬಾಗಿಲವರೆಗೂ ನಡೆದೆ. ಹೇಗೆ ಕ್ಷಮೆ ಕೇಳಲಿ ಎಂದು ಮಾತು ಹುಡುಕುತ್ತಿದ್ದೆ. ಅವನೇ ಕೈಗವಸು ತೊಡುತ್ತ, ಊರಿಗೆ ಹೋದ ಮೇಲೆ ಫೇರ್ಲಿಯವರ ದೊಡ್ಡ ಮಗಳನ್ನು ಕಾಣುವುದಿದೆ, ಏನಾದರೂ ಹೇಳಬೇಕೇ ಎಂದು ಕೇಳಿದ.

“ಅವರ ತಂಗಿ ಚೆನ್ನಾಗಿದ್ದಾಳೆ ಅಂತ ಹೇಳಿ,” ಎಂದೆ.

“ನೋಡಿದ್ನಲ್ಲ, ಹೇಳ್ತೀನಿ,” ಎಂದ. ಸಿಟ್ಟಿರಲಿಲ್ಲ ಅವನ ಮಾತಿನಲ್ಲಿ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಯಜಮಾನರನ್ನು ಒಪ್ಪಿಸಿದೆ. ಗೇನ್ಸ್ ಬೇಸಿಗೆಯಿಡೀ ಇಲ್ಲಿ ಕೂತು ಆ ಪುಸ್ತಕವನ್ನು ಅನುವಾದಿಸಬಹುದು, ಗ್ರಂಥಾಲಯವೇ ಅದನ್ನು ಅಚ್ಚು ಹಾಕಿಸುತ್ತದೆ. ಮುಂಬಾಗಿಲಿನಿಂದಲೇ ಬರಬೇಕೆಂದು ಕಾವಲಿನವನಿಗೂ ಅಪ್ಪಣೆಯಾಗಿದೆ. ಅರ್ಪಣೆಯ ಪುಟದಲ್ಲಿ ಗೇನ್ಸ್ ಅಪ್ಪನ ಹೆಸರು ಹಾಕುವುದಾದರೆ ಅದರ ಕರಡು ತಿದ್ದುವವಳು ನಾನೇ. ಇದರಿಂದ ಲೆಕ್ಕ ಸಮವಾಯಿತೆಂದು ನಾನು ಅಂದುಕೊಂಡಿಲ್ಲ, ನೀನೂ ಅಂದುಕೊಳ್ಳಬೇಡ. ನನ್ನ ಕೈಲಾದದ್ದು ಇಷ್ಟು.

ನನ್ನ ಬಗ್ಗೆ ಮರುಗಬೇಡ. ಇಲ್ಲಿನ ಕೆಲಸ ನನಗೆ ಇಷ್ಟ. ಅಮ್ಮ ನನ್ನ ಜೊತೆ ಹಾಯಾಗಿದ್ದಾಳೆ. ಅವಳಿಗೆ ಈ ಯಾವುದನ್ನೂ ಹೇಳಿಲ್ಲ. ನಿನ್ನ ಶಾಲೆಯ ಮಕ್ಕಳ ಸುದ್ದಿ ಬರೆ.

ನಿನ್ನ ತಂಗಿ,
ನೋರಾ ಫೇರ್ಲಿ

ಮರೆತ ಮಾತು: ಮದುವೆಗೆ ಕೇಳಿದ ಲಾರೆನ್ಸ್‌ನನ್ನು ಯಾಕೆ ಬೇಡವೆಂದೆ ಎಂದು ಎರಡು ಸಲ ಕೇಳಿದ್ದೀಯೆ. ಕೆಲಸದ ನೆಪ ಹೇಳಿದ್ದೆ. ಆತ ಒಳ್ಳೆಯವನು, ನನಗೂ ಮನಸ್ಸಿತ್ತು. ಒಂದು ಸಂಜೆ ಪಾರ್ಕಿನಲ್ಲಿ, ನಮಗೆ ಮಗಳೇ ಹುಟ್ಟಬೇಕು, ಹುಟ್ಟಿದರೆ ನಿಮ್ಮ ಮನೆಯವರನ್ನೇ ಹೋಲಬೇಕು ಎಂದ. ನನ್ನ ಕಣ್ಣ ಮುಂದೆ ಬಂದದ್ದು ನಿನ್ನ ಕಪ್ಪು ಮುಖ, ಅಕ್ಕ. ನನಗೆ ಭಯವಾಯಿತು.