ಎರಡನೇ ಬಾಟ್ಲಿ

ಮೇ 21, ಗುರುವಾರ

ಇವತ್ತೂ ಸ್ಟೂಲಿನ ಮೇಲೆ ಕೂತೇ ಲೆನ್ಸ್ ಉಜ್ಜಿದೆ. ಹೊಟ್ಟೆ ಮೆಷಿನ್ನಿಗೆ ತಾಗುತ್ತದೆ, ಕೈ ಎಟುಕುವುದಿಲ್ಲ. ಒಂದು ಬೈಫೋಕಲ್ ಓರೆಯಾಯಿತು. ಕನ್ನಡಕದಂಗಡಿ ಯಜಮಾನರು ನೋಡಿದರು, ಏನೂ ಅನ್ನಲಿಲ್ಲ. ತುಂಬು ಬಸುರಿಯನ್ನು ಬೈಯುವ ಧೈರ್ಯ ಯಾರಿಗಿದೆ... ಈ ಭೋಗ ಇನ್ನೊಂದು ತಿಂಗಳಷ್ಟೇ.

ಮಧ್ಯಾಹ್ನ ಡಾಕ್ಟರ್ ಹತ್ತಿರ. ಮಗು ಚೆನ್ನಾಗಿದೆ ಎಂದರು. ಆಮೇಲೆ ಕನ್ನಡಕ ತೆಗೆದರು — ಅವರು ಕನ್ನಡಕ ತೆಗೆದರೆ ಮುಂದೆ ಭಾರದ ಮಾತೊಂದು ಬರುತ್ತದೆ. "ಹೋದ್ಸಲ ಆಗಿದ್ದು ಈ ಸಲಾನೂ ಆಗ್ಲೇಬೇಕು ಅಂತಿಲ್ಲ. ಆದ್ರೆ ಆಗಬಹುದು. ನಿಮ್ಮ ಗ್ರೂಪ್ ಸಿಗೋದು ಕಷ್ಟ. ಎರಡು ಬಾಟ್ಲಿ ರೆಡಿ ಇದ್ರೇನೇ ನಾನು ಕೈ ಹಾಕೋದು." ಈಗ ಬಾಟ್ಲಿ ಎಲ್ಲಿದೆ, ಎಲ್ಲ ಪ್ಲಾಸ್ಟಿಕ್ ಚೀಲ. ಬಾಯಲ್ಲಿ ಮಾತ್ರ ಬಾಟ್ಲಿ ಉಳಿದಿದೆ.

ಹೋದ ಸಲ... ಮಗಳು ಹುಟ್ಟಿ, ಅತ್ತು, ಎಲ್ಲರೂ ನಕ್ಕು ಮುಗಿದ ಮೇಲೆ ಶುರುವಾಯಿತು. ಬೆನ್ನ ಕೆಳಗೆ ಬಿಸಿಬಿಸಿ. ಯಾರೋ ಓಡಿದರು. ಪಾದ ತಣ್ಣಗಾದದ್ದು ನೆನಪಿದೆ, ಮುಂದಿನದು ಇಲ್ಲ. ಬ್ಯಾಂಕಿನಲ್ಲಿದ್ದ ರಕ್ತ ಸಾಲದೆ ಅಕ್ಕ ಕೊಟ್ಟಳು. ಒ ನೆಗೆಟಿವ್, ಇಬ್ಬರದೂ. "ನಿನ್ನಲ್ಲಿ ಓಡ್ತಿರೋದು ನಿಮ್ಮಕ್ಕನ ಪೆಟ್ರೋಲ್" ಎಂದು ನನ್ನ ಗಂಡ ಈಗಲೂ ರೇಗಿಸುತ್ತಾರೆ. ರೇಗಿಸುವಾಗ ಅವರ ಕಣ್ಣು ನಗುವುದಿಲ್ಲ.

ಮೇ 26, ಮಂಗಳವಾರ

ಬ್ಲಡ್ ಬ್ಯಾಂಕಿನವರು ಒಂದು ಬಾಟ್ಲಿ ತೆಗೆದಿಟ್ಟಿದ್ದಾರೆ. ಎರಡನೆಯದಕ್ಕೆ ನೀವೇ ಯಾರನ್ನಾದರೂ ಕರೆತನ್ನಿ ಎಂದರು. ಇನ್ಯಾರನ್ನು? ಅಕ್ಕನಿಗೇ ಫೋನ್ ಮಾಡಿದೆ. ಡ್ರೈವಿಂಗ್ ಸ್ಕೂಲಿನ ಟೀಚರ್ ಅವಳು, ಕ್ಲಾಸಿನಲ್ಲಿದ್ದಳು. "ಮುಂದಿನ ಗುರುವಾರ ತಾನೇ, ಬರ್ತೀನಿ ಬಿಡು... ಕ್ಲಚ್! ಕ್ಲಚ್ ಒತ್ತಿ ಸಾರ್, ಅದು ಬ್ರೇಕು! — ನಿಂಗಲ್ಲ ಕಣೇ."

ಕೇಳುವಾಗ ನಾಚಿಕೆಯಾಯಿತು. ಮಗುವಿಗಾಗಿ ವರ್ಷಗಟ್ಟಲೆ ಆಸ್ಪತ್ರೆ ಸುತ್ತಿ ಸೋತವಳು ಅವಳು. ಹೋದ ವರ್ಷ ಟ್ರೀಟ್‌ಮೆಂಟ್ ಬಿಟ್ಟಳು. "ಆ ಸುದ್ದಿ ಇನ್ನು ಯಾರೂ ಎತ್ತಬಾರದು" ಎಂದಳು, ನಾವು ಎತ್ತಲಿಲ್ಲ. ಒಂದು ಇದ್ದೂ ಇನ್ನೊಂದಕ್ಕೆ ಆಸೆಪಟ್ಟವಳು ನಾನು. ಗಂಡ ಬೇಡವೇ ಬೇಡ ಎಂದಿದ್ದರು. ಹಟ ಹಿಡಿದದ್ದು ನಾನೇ.

ಮೇ 30, ಶನಿವಾರ

ಅಕ್ಕ ಬಂದಿದ್ದಳು. ಬಂದವಳೇ ಸೋಫಾದಲ್ಲಿ ಬಾಯಿ ಬಿಟ್ಟುಕೊಂಡು ನಿದ್ದೆ. ನನ್ನ ಮಗಳು ಅವಳ ಮೂಗಿಗೆ ದಾರ ಆಡಿಸಿದರೂ ಎಚ್ಚರವಿಲ್ಲ. ಎದ್ದ ಮೇಲೆ ಕಾಫಿ ಕೊಟ್ಟರೆ ಲೋಟವನ್ನೇ ದೂರ ತಳ್ಳಿದಳು. ಕಾಫಿಗೆ ಪ್ರಾಣ ಬಿಡುವವಳು.

"ಏನೋ ವಾಸನೆ. ಕಾರಿನ ಪರ್ಫ್ಯೂಮ್ ಡಬ್ಬೀನೂ ಕಿತ್ತು ಬಿಸಾಕ್ದೆ ನೆನ್ನೆ. ಸೀಟ್ ಬೆಲ್ಟ್ ಹಾಕಿದ್ರೆ ಎದೆ ನೋಯುತ್ತೆ. ವಯಸ್ಸಾಯ್ತು ಕಣೇ ನಂಗೆ."

ಎರಡು ಸಲ ಬಸುರಾದವಳು ನಾನು, ನನಗೆ ಗೊತ್ತಾಗದಿರುತ್ತದೆಯೇ? ಅವಳಿಗೇ ಗೊತ್ತಿಲ್ಲ. ಆ ದಿಕ್ಕಿಗೆ ತಲೆ ಹಾಕುವುದನ್ನೇ ಬಿಟ್ಟಿದ್ದಾಳೆ.

ಹೇಳಲು ಬಾಯಿ ತೆರೆದೆ. ಮಗಳು ನೀರು ಕೇಳಿದಳು. ಕೊಟ್ಟು ಬಂದೆ. ಅಷ್ಟರಲ್ಲಿ ಗುರುವಾರ ನೆನಪಾಯಿತು.

ಜೂನ್ 1, ಸೋಮವಾರ

ಹೇಳಿ, ಅದು ಸುಳ್ಳಾದರೆ? ಅವಳು ಮತ್ತೆ ಕುಸಿದುಬೀಳುತ್ತಾಳೆ. ಒಳ್ಳೆಯ ಕಾರಣ. ಯಾರಿಗೆ ಹೇಳಿದರೂ ಒಪ್ಪುತ್ತಾರೆ. ಆದರೆ ನನ್ನ ಕಾರಣ ಅದಲ್ಲ. ಬಸುರಿ ಎಂದು ಗೊತ್ತಾದರೆ ಅವಳ ರಕ್ತ ತೆಗೆದುಕೊಳ್ಳುವುದಿಲ್ಲ — ನನ್ನ ಕಾರಣ ಅದು.

ಬಸುರಿಯರು ರಕ್ತ ಕೊಟ್ಟರೆ ಏನಾಗುತ್ತದೆ ಎಂದು ಫೋನಿನಲ್ಲಿ ಟೈಪ್ ಮಾಡಿದೆ. ಉತ್ತರ ಬರುವ ಮೊದಲೇ ಮುಚ್ಚಿದೆ.

ಜೂನ್ 3, ಬುಧವಾರ

ಮೆಡಿಕಲ್ ಶಾಪಿನಲ್ಲಿ ಪ್ರೆಗ್ನೆನ್ಸಿ ಕಿಟ್ ಕೊಂಡೆ. ಅಂಗಡಿಯವನು ಕಿಟ್ ನೋಡಿದ, ನನ್ನ ಹೊಟ್ಟೆ ನೋಡಿದ. "ಮೇಡಂ, ನಿಮಗೆ ಇನ್ನೂ ಡೌಟಾ?" ನಕ್ಕೆ. ಮನೆಗೆ ಬರುವವರೆಗೂ ನಗುತ್ತಲೇ ಇದ್ದೆ, ಹುಚ್ಚಿಯ ಹಾಗೆ.

ಬ್ಯಾಗಿನಲ್ಲಿದೆ. ನಾಳೆ ಬೆಳಿಗ್ಗೆ ಕೊಡುತ್ತೇನೆ. ಮೊದಲು ಕಿಟ್, ಆಮೇಲೆ ಬ್ಲಡ್ ಬ್ಯಾಂಕ್. ಖಂಡಿತ.

ಜೂನ್ 4

ಕೊಡಲಿಲ್ಲ.

ಹಸಿರು ಕುರ್ಚಿಗಳು, ಗೋಡೆಯ ಮೇಲೆ ನಗುವ ರಕ್ತದ ಹನಿಯ ಚಿತ್ರ. ಟೆಕ್ನಿಷಿಯನ್ ಒಂದೊಂದೇ ಪ್ರಶ್ನೆ ಕೇಳುತ್ತಾ ಬಂದಳು. ಜ್ವರ? ಶುಗರ್? "ಪ್ರೆಗ್ನೆಂಟ್ ಇರೋ ಚಾನ್ಸ್ ಏನಾದ್ರೂ?"

ಅಕ್ಕ ಜೋರಾಗಿ ನಕ್ಕಳು. "ನಾನಾ? ಆ ಅಂಗಡಿ ಬಾಗಿಲು ಹಾಕಿ ಆಯ್ತಮ್ಮ. ಬೇಕಿದ್ರೆ ಇವಳ್ನ ಕೇಳಿ."

ಟೆಕ್ನಿಷಿಯನ್ ತಮಾಷೆಗೆ ನನ್ನ ಕಡೆ ತಿರುಗಿದಳು. ಬ್ಯಾಗ್ ತೊಡೆಯ ಮೇಲಿತ್ತು. ನಾನೂ ನಕ್ಕೆ. ಅಕ್ಕ ತೋಳು ಚಾಚಿದಳು.

ಎದ್ದಾಗ ಕಣ್ಣು ಕತ್ತಲೆ ಬಂದು ನನ್ನ ಭುಜ ಹಿಡಿದಳು. "ತುಂಬಿದ ಬಸುರೀನ ನಾನು ಹಿಡ್ಕೊಳೋದಾ, ನೀನು ನನ್ನ ಹಿಡ್ಕೊಳೋದಾ?" ಎಂದು ಅದಕ್ಕೂ ನಗು. ಜ್ಯೂಸ್ ಕುಡಿಸಿ ಆಟೋ ಹತ್ತಿಸಿದೆ. ಎಂಥವಳು ನಾನು.

ಜೂನ್ 13, ಶನಿವಾರ

ಅಕ್ಕನ ಫೋನ್. ಅಳುವೋ ನಗುವೋ ತಿಳಿಯಲಿಲ್ಲ. ಕ್ಲಾಸಿನ ಮಧ್ಯೆ ವಾಂತಿ ಬಂತಂತೆ. ಅದೇ ಕ್ಲಚ್ ಸಾರ್ ಗಾಬರಿಯಲ್ಲಿ ಇಂಡಿಕೇಟರ್ ಹಾಕಿ, ಎಡಕ್ಕೆ ಎಳೆದು, ಜೀವನದಲ್ಲೇ ಮೊದಲ ಸಲ ಸರಿಯಾಗಿ ಕಾರು ನಿಲ್ಲಿಸಿದರಂತೆ. "ಮೇಡಂ, ನಮ್ಮ ಮನೆಯವರಿಗೂ ಹೀಗೇ ಆಗಿತ್ತು" ಎಂದರಂತೆ. ಅಲ್ಲಿಂದ ಸೀದಾ ಟೆಸ್ಟ್.

"ನಂಬೋಕೇ ಆಗ್ತಿಲ್ಲ ಕಣೇ. ನಿಮ್ಮ ಭಾವ ಅಡುಗೆಮನೇಲಿ ಕೂತು ಅಳ್ತಿದಾರೆ."

ಖುಷಿಯಾಯಿತು. ನಿಜವಾಗಿ ಆಯಿತು. ಅದರ ಬೆನ್ನಿಗೇ ಅವಳ ದನಿ ಸಣ್ಣದಾಯಿತು. "ಬ್ಲಡ್ ಕೊಟ್ಟಾಗ್ಲೇ ಇತ್ತು ಅನ್ಸುತ್ತೆ. ಏನೂ ಆಗಲ್ಲ ಅಲ್ವಾ?"

"ಏನೂ ಆಗಲ್ಲ" ಎಂದೆ.

"ಗೊತ್ತಿಲ್ದೇ ಇದ್ದಿದ್ದೇ ಒಳ್ಳೇದಾಯ್ತು ಬಿಡು. ಗೊತ್ತಿದ್ದಿದ್ರೆ ನಿನ್ನ ಗತಿ ಏನು?"

ಕಿಟ್ಟನ್ನು ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕಿದೆ.

ಜೂನ್ 24, ಬುಧವಾರ

ಬರೆಯಲು ಈಗ ಕೈ ಬಂತು. ಸೋಮವಾರ ಗಂಡುಮಗು. ನಾನು ಬದುಕಿದ್ದೇನೆ.

ಮತ್ತೆ ಅದೇ ಬಿಸಿ, ಬೆನ್ನ ಕೆಳಗೆ. ಈ ಸಲ ಯಾರೂ ಕೂಗಾಡಲಿಲ್ಲ, ಎಲ್ಲ ತಯಾರಾಗಿತ್ತು. ಡಾಕ್ಟರ್ ಹೊಟ್ಟೆಯನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದಿದ್ದರು. ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಒಂದು ಬಾಟ್ಲಿ ಮುಗಿಯಿತು. "ಎರಡನೇದು ಹಾಕಿ" ಎಂದರು. ಕೆಂಪು ಗೆರೆ ಟ್ಯೂಬಿನಲ್ಲಿ ಇಳಿಯುತ್ತಾ ನನ್ನ ಕೈ ಕಡೆಗೆ ಬರುವುದನ್ನು ನೋಡಿದೆ. ಅಕ್ಕನದು. ಆಗ ಪಶ್ಚಾತ್ತಾಪ ಪಟ್ಟೆ ಎಂದು ಬರೆದರೆ ಸುಳ್ಳು. ಬೇಗ ಬಾ, ಬೇಗ ಬಾ ಎಂದುಕೊಂಡೆ. ಅಷ್ಟೇ.

ಅಕ್ಕ ನೋಡಲು ಬಂದಿಲ್ಲ. ಭಾವ ಒಬ್ಬರೇ ಬಂದರು. ಬಹಳ ಹೊತ್ತು ಮಗುವಿನ ಬೆರಳು ಹಿಡಿದು ಕೂತಿದ್ದರು. ಏಳುವಾಗ ಹೇಳಿದರು: ನಿನ್ನೆಯಿಂದ ಅವಳಿಗೆ ಸ್ವಲ್ಪ ರಕ್ತ ಕಾಣಿಸುತ್ತಿದೆ. ಬೆಡ್ ರೆಸ್ಟ್. ಶುಕ್ರವಾರ ಸ್ಕ್ಯಾನ್. ರಕ್ತ ಕೊಟ್ಟದ್ದರಿಂದಲೇ ಎಂದು ಹೇಳಲಾಗುವುದಿಲ್ಲ ಎಂದರಂತೆ ಅವಳ ಡಾಕ್ಟರ್. ಅಲ್ಲ ಎಂದೂ ಹೇಳಲಿಲ್ಲವಂತೆ.

ಜೂನ್ 25, ಬೆಳಿಗ್ಗೆ

ನಾಳೆ ಒಳ್ಳೆಯ ಸುದ್ದಿ ಬಂದರೆ ಬಾಯಿ ಬಿಡುವುದಿಲ್ಲ, ನನ್ನನ್ನು ನಾನು ಬಲ್ಲೆ. ಎಲ್ಲ ಸರಿಹೋಯಿತಲ್ಲ, ಇನ್ನೇಕೆ ಎನ್ನುತ್ತೇನೆ. ಕೆಟ್ಟ ಸುದ್ದಿ ಬಂದರೆ ಹೇಳುವ ಎದೆ ನನಗಿಲ್ಲ. ಉಳಿದದ್ದು ಇವತ್ತು.

ಅದೇ ದಿನ, ಮಧ್ಯಾಹ್ನ

ಫೋನ್ ಮಾಡಿ ಹೇಳಿದೆ. ಎಲ್ಲ. ಸೋಫಾ, ಕಾಫಿ, ಸೀಟ್ ಬೆಲ್ಟ್, ಕಿಟ್. ಅತ್ತರೆ ಅವಳೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ, ಅದಕ್ಕೆ ಅಳದೆ ಹೇಳಿದೆ.

ಆ ಕಡೆ ಫ್ಯಾನಿನ ಸದ್ದು. ಫೋನ್ ಇಟ್ಟಳೇನೋ ಅಂದುಕೊಂಡೆ.

"ಗೊತ್ತಿದ್ರೂ ಅಕ್ಕ ಕೊಡ್ತಿದ್ಲು ಅಂತ ಅನ್ಕೊಂಡ್ಯಾ?"

ಮಗುವಿನ ಹೊದಿಕೆ ಸರಿಮಾಡಿದೆ.

"ಕೊಡ್ತಿರ್ಲಿಲ್ಲ ಕಣೇ. ನೀನು ಕಾಲಿಗೆ ಬಿದ್ದಿದ್ರೂ ಕೊಡ್ತಿರ್ಲಿಲ್ಲ."

"ಗೊತ್ತು. ಅದಕ್ಕೇ ಹೇಳಲಿಲ್ಲ."

ಇಟ್ಟಳು.

ಪಕ್ಕದಲ್ಲಿದ್ದ ಗಂಡ ಎಲ್ಲ ಕೇಳಿಸಿಕೊಂಡಿದ್ದರು. ಮಗಳನ್ನು ಕರೆದುಕೊಂಡು ಮನೆಗೆ ಹೋದರು. ನರ್ಸ್ ಬಂದು ಬಿಪಿ ನೋಡಿ, ಬಣ್ಣ ಬಂದಿದೆ ಮುಖಕ್ಕೆ ಎಂದಳು. ಯಾರ ಬಣ್ಣ ಎಂದು ಅವಳಿಗೇನು ಗೊತ್ತು.

ಜೂನ್ 26, ಶುಕ್ರವಾರ

ಭಾವನ ಮೆಸೇಜ್: ಹಾರ್ಟ್‌ಬೀಟ್ ಇದೆ. ನಿಧಾನ. ಮುಂದಿನ ವಾರ ಮತ್ತೆ ನೋಡಬೇಕಂತೆ.

ಇದೆ. ಇದೆ ಎಂದಿದ್ದಾರೆ. ದಿಂಬಿಗೆ ಮುಖ ಒತ್ತಿ ಅತ್ತೆ. ಅಕ್ಕನಿಗೆ ಕಾಲ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಲಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ.

ಸಂಜೆ. ಮಗು ಅಳುತ್ತಿದೆ. ಎತ್ತಿಕೊಳ್ಳಲು ಏಳಬೇಕು, ತಲೆ ತಿರುಗುತ್ತದೆ, ನರ್ಸಿಗೆ ಬೆಲ್ ಒತ್ತಿದ್ದೇನೆ... ಬಾಗಿಲು ತೆಗೆದದ್ದು ನರ್ಸಲ್ಲ. ಅಕ್ಕ. ಭಾವನ ತೋಳು ಹಿಡಿದು ಮೆಲ್ಲಮೆಲ್ಲಗೆ ಬರುತ್ತಿದ್ದಾಳೆ. ತಲೆ ಎತ್ತಲು ಧೈರ್ಯವಿಲ್ಲ, ಬರೆಯುತ್ತಲೇ ಇದ್ದೇನೆ. ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ಭಾವ ಮಗುವನ್ನು ಅವಳ ಮಡಿಲಿಗೆ ಹಾಕಿದರು.

"ನಿನ್ನ ಹತ್ರ ಮಾತಾಡೋಕೆ ಬಂದಿಲ್ಲ ನಾನು."

"ಆಯ್ತು."

"ಮುಖ ನೋಡೋಕೂ ಬಂದಿಲ್ಲ."

"ಆಯ್ತು ಅಕ್ಕ."

"ಹಸಿವು ಇವನಿಗೆ. ಕಿವುಡೇನೇ ನಿಂಗೆ? ಗೀಚಿದ್ದು ಸಾಕು, ತಗೋ. ಕತ್ತು ಹುಷಾರು, ಎರಡೂ ಕೈಯಲ್ಲಿ—"

ಎರಡೂ ಕೈ ಬೇಕು, ಪೆನ್ನು